ಶರಾವತಿಯ ಜೊತೆಯಲ್ಲಿ ಸಮುದ್ರದವರೆಗೆ

ಶರಾವತಿ ನದಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದ ಬಳಿ ಪಶ್ಚಿಮಸಮುದ್ರವನ್ನು ಸೇರುತ್ತದೆ. ಶ್ರೀರಾಮನು ನೆಲಕ್ಕೆ ಬಾಣವನ್ನು ಬಿಟ್ಟು ಸೀತಾದೇವಿಯ ಬಾಯಾರಿಕೆಯನ್ನು ಹಿಂಗಿಸಿದನೆಂದೂ, ಶರದಿಂದ ಹುಟ್ಟಿದುದರಿಂದ ನದಿಗೆ ಈ ಹೆಸರಾಯಿತೆಂದೂ ಸ್ಥಳಪುರಾಣವು ಹೇಳುತ್ತದೆ. ಶರವೆಂಬುದಕ್ಕೆ ಜೊಂಡುಹುಲ್ಲೆಂಬ ಅರ್ಥವೂ ಉಂಟು. ಶರವತಿ ಎಂದಿರಬೇಕಾದ ಶಬ್ದವು ಹೆಸರಾದಾಗ ದೀರ್ಘವನ್ನು ಪಡೆಯುವುದಕ್ಕೆ ಪಾಣಿನಿಯು ಸೂತ್ರವನ್ನೇ ಮಾಡಿದ್ದಾನೆ. ಮೂವತ್ತು ವರ್ಷ ಸಂಸ್ಕೃತಪಾಠವನ್ನು ಹೇಳಿದ ನಾವು ಹೆಸರಿನ ವಿಚಾರವನ್ನು ಇಷ್ಟು ಬಲ್ಲೆವಾದರೂ, ನದಿಯನ್ನು ಸಮುದ್ರದವರೆಗೆ ಹಿಂಬಾಲಿಸಿದುದು ಕಳೆದ ಪುಷ್ಯಮಾಸದಲ್ಲಿ. ಅದೂ ಮೋಟಾರು ಸೈಕಲ್ಲಿನ ಹಿಂದಿನ ಆಸನದಲ್ಲಿ ಕುಳಿತು.

ಗಾಡಿಯು ನಮ್ಮ ಮಿತ್ರರದು. ಅವರು ಮೈಸೂರಿನ ಜಾವಾ ಕಾರ್ಖಾನೆಯು 1996ರಲ್ಲಿ ಮುಚ್ಚುವವರೆಗೂ ಅಲ್ಲಿ ದುಡಿದವರು. ಅಲ್ಲಿಯೇ ತಯಾರಾದ ಯೆಜ್ಡಿಯನ್ನು ಇಂದಿಗೂ ಮಗುವಿನಂತೆ ಸಾಕಿದ್ದಾರೆ. ಅದರಲ್ಲಿ ಕಿಕ್ ಹೊಡೆಯುವ ಕಡ್ಡಿಯೇ ಗೇರು ಬದಲಿಸುವ ಕಡ್ಡಿಯೂ ಆಗಿರುವುದನ್ನು ಕಂಡು, ಒಂದೇ ಶಬ್ದಕ್ಕೆ ಎರಡು ಅರ್ಥವಿರುವ ಶ್ಲೇಷಾಲಂಕಾರವು ನಮಗೆ ನೆನಪಾಯಿತು. ಅರವತ್ತು ದಾಟಿದ ಇಬ್ಬರು 400 ಕಿಲೋಮೀಟರಿಗೂ ಹೆಚ್ಚು ದೂರ ಹೀಗೆ ಹೋಗುವುದನ್ನು ಕೇಳಿ ನಮ್ಮ ಗೃಹಿಣಿಯು ಮೊದಲು ನಕ್ಕಳು, ಬಳಿಕ ಸಿಟ್ಟಾದಳು, ಕೊನೆಗೆ ಅವಲಕ್ಕಿಯನ್ನೂ ಚಟ್ನಿಪುಡಿಯನ್ನೂ ಕಟ್ಟಿಕೊಟ್ಟಳು.

ಮಿತ್ರರಿಗೆ ಈ ಪ್ರಯಾಣವು ವಿನೋದಕ್ಕಾಗಿರಲಿಲ್ಲ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ನೀರು ನಿಂತಾಗ ಅವರ ಮನೆ, ತೋಟ, ಗದ್ದೆಗಳೆಲ್ಲವೂ ಮುಳುಗಿದುವು. ಆಗ ಅವರು ಎರಡು ವರ್ಷದ ಕೂಸು. ಹೋದ ವರ್ಷ ತೀರಿಕೊಂಡ ಅವರ ತಾಯಿಯವರು ಕೊನೆಯ ದಿನಗಳಲ್ಲಿ ಒಂದೇ ಪ್ರಶ್ನೆಯನ್ನು ಮತ್ತೆಮತ್ತೆ ಕೇಳುತ್ತಿದ್ದರಂತೆ: “ನಮ್ಮ ಗದ್ದೆ ಮೇಲಿನ ನೀರು ಸಮುದ್ರಕ್ಕೆ ಹೋಗ್ತದೇನೋ ಮಗಾ, ಇಲ್ಲಾ ಎಲ್ಲಾ ಕರೆಂಟಾಗಿಯೇ ಮುಗಿದು ಹೋಗ್ತದೋ?”

ಅರಸೀಕೆರೆ, ಕಡೂರುಗಳ ಬಯಲುಸೀಮೆಯನ್ನು ಕಳೆದು ಶಿವಮೊಗ್ಗೆಯಲ್ಲಿ ತಂಗಿದೆವು. ಮರುದಿನ ಸಾಗರವನ್ನು ಮುಟ್ಟಿ, ಅಲ್ಲಿಂದ ಹಿನ್ನೀರಿನ ದಡವಾದ ಅಂಬಾರಗೋಡ್ಲಿಗೆ ಹೋದೆವು. ಮೊದಲು ಆಚೆಯ ದಡದವರಿಗೆ ಲಾಂಚಿನ ಹೊರತು ಹತ್ತಿರದ ದಾರಿಯಿರಲಿಲ್ಲ. 2025ರಲ್ಲಿ ಎರಡು ಕಿಲೋಮೀಟರಿಗೂ ಮಿಕ್ಕ ಸೇತುವೆಯು ತೆರೆದಿದೆ. ಊರು ಮುಳುಗಿ ಆರು ದಶಕಗಳಾದ ಮೇಲೆ ಬಂದ ಸೇತುವೆಯದು. ನಾಡಿನ ಮನೆಮನೆಗೂ ದೀಪವನ್ನು ಕೊಟ್ಟ ಈ ಜನರಲ್ಲಿ ಅನೇಕರಿಗೆ ಬದಲಿ ಭೂಮಿಯ ಹಕ್ಕು ಇನ್ನೂ ಪೂರ್ಣವಾಗಿ ಇತ್ಯರ್ಥವಾಗಿಲ್ಲವೆಂಬುದನ್ನು, ಸ್ವಿಚ್ಚನ್ನು ಒತ್ತುವ ಗೃಹಸ್ಥರಾದ ನಾವೆಲ್ಲರೂ ತಿಳಿದಿರಬೇಕು.

ಮಿತ್ರರು ಸೇತುವೆಯ ಮೇಲೆ ನಿಂತು ನೀರನ್ನು ನೋಡಿದರು. ಮನೆಯಿದ್ದುದು ಯಾವ ದಿಕ್ಕಿನಲ್ಲೆಂದು ಅವರಿಗೂ ತಿಳಿಯದು. 1940ರ ದಶಕದಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ಕೂಡ ಇದೇ ನೀರಿನ ತಳದಲ್ಲಿದೆ. ಬರಗಾಲದ ಬೇಸಿಗೆಯಲ್ಲಿ ಮಾತ್ರ ತಲೆಯೆತ್ತುತ್ತದೆ. ಅಣೆಕಟ್ಟನ್ನೇ ಅಣೆಕಟ್ಟು ಮುಳುಗಿಸಿದ ಮೇಲೆ ಮನೆಗಳ ಮಾತೇನು!

ಮೂರನೆಯ ದಿನ ಜೋಗಕ್ಕೆ ಬಂದೆವು. 253 ಮೀಟರ್ ಎತ್ತರದ ಬಂಡೆಯಿಂದ ಇಳಿಯುತ್ತಿದ್ದ ನೀರು ಆ ಋತುವಿನಲ್ಲಿ ದಾರದಷ್ಟು. ಹೆಚ್ಚಿನ ನೀರು ತಲಕಳಲೆಯ ಜಲಾಶಯಕ್ಕೆ ಹೋಗಿ, ದೊಡ್ಡ ಕೊಳವೆಗಳಲ್ಲಿ ಕಣಿವೆಗೆ ಧುಮುಕಿ, ಯಂತ್ರಗಳನ್ನು ತಿರುಗಿಸಿ ಮತ್ತೆ ನದಿಗೇ ಸೇರುತ್ತದೆ. ವಿದ್ಯುತ್ತು ನೀರಿನ ಬೀಳುವ ಬಲವನ್ನು ಮಾತ್ರ ತೆಗೆದುಕೊಳ್ಳುತ್ತದೆ, ನೀರನ್ನಲ್ಲ. ಗೇರುಸೊಪ್ಪೆಯ ಅಣೆಕಟ್ಟಿನಲ್ಲಿ ಅದೇ ನೀರನ್ನು ಮತ್ತೊಮ್ಮೆ ದುಡಿಸಿ ಬಿಡುತ್ತಾರೆ. ಇದನ್ನು ನಾವು ವಿವರಿಸಿದಾಗ ಮಿತ್ರರು, “ಗೊತ್ತು ಮೇಷ್ಟ್ರೇ, ಅಮ್ಮನಿಗೂ ಹೇಳಿದ್ದೆ. ಕಣ್ಣಲ್ಲಿ ನೋಡಿದೆಯಾ ಅಂತ ಕೇಳಿದಳು,” ಎಂದರು.

ಘಟ್ಟವನ್ನು ಇಳಿಯುವುದು ಸುಲಭವಲ್ಲ. ಈ ಗಾಡಿಯ ಎಂಜಿನ್ನಿಗೆ ಎಣ್ಣೆಯು ಪೆಟ್ರೋಲಿನೊಡನೆ ಬೆರೆತೇ ಬರತಕ್ಕದ್ದು. ಇಳಿಜಾರೆಂದು ಪೆಟ್ರೋಲನ್ನು ಪೂರ್ತಿಯಾಗಿ ಕಡಿದು ಓಡಿಸಿದರೆ ಎಣ್ಣೆಯೂ ನಿಲ್ಲುತ್ತದೆ. ಆದುದರಿಂದ ಆಗಾಗ ಕೈತಿರುವುತ್ತ, ಬ್ರೇಕು ಕಾದಲ್ಲಿ ನಿಲ್ಲಿಸಿ ಆರಿಸುತ್ತ ಇಳಿದೆವು. ಸಿಂಗಳೀಕಗಳ ಕಾಡದು, ನಮ್ಮ ಗಾಡಿಯ ಸದ್ದಿಗೆ ಒಂದೂ ಮುಖ ತೋರಲಿಲ್ಲ. ಕರಿಮೆಣಸಿನ ರಾಣಿಯೆಂದು ಪೋರ್ಚುಗೀಸರು ಕರೆದ ಚೆನ್ನಭೈರಾದೇವಿಯ ಗೇರುಸೊಪ್ಪೆಯಲ್ಲಿ ಚಹಾ ಕುಡಿದು ಮುಂದೆ ನಡೆದೆವು. ಅಲ್ಲಿಂದ ನದಿಯು ಅಗಲವಾಗಿ, ತೆಂಗಿನ ತೋಟಗಳ ನಡುವೆ ಸಾವಕಾಶವಾಗಿ ಹರಿಯುತ್ತದೆ.

ಹೊನ್ನಾವರದಲ್ಲಿ ಕೊಂಕಣ ರೈಲಿನ ಅತಿ ಉದ್ದದ ಸೇತುವೆಯನ್ನೂ ಕಾಂಡ್ಲಾವನವನ್ನೂ ನೋಡಿ, ಸಂಜೆಗೆ ಕಾಸರಕೋಡಿನ ಕಡೆಯ ಅಳಿವೆಗೆ ಬಂದೆವು. ಮಿತ್ರರು ನೀರನ್ನು ಬೊಗಸೆಯಲ್ಲಿ ತೆಗೆದು ನಾಲಗೆಗೆ ಮುಟ್ಟಿಸಿದರು. ಉಪ್ಪು. ಉಬ್ಬರದ ಹೊತ್ತಾಗಿದ್ದುದರಿಂದ ಸಮುದ್ರವೇ ನದಿಯೊಳಕ್ಕೆ ನುಗ್ಗುತ್ತಿತ್ತು. ಲಂಗರು ಹಾಕಿದ್ದ ದೋಣಿಯೊಂದು ಸಮುದ್ರಕ್ಕೆ ಮುಖಮಾಡಿ ನಿಂತಿತ್ತು.

“ಇಳಿತದವರೆಗೆ ಕೂರೋಣವೇ?” ಎಂದು ಮಿತ್ರರು ಕೇಳಿದರು.

ಕುಳಿತೆವು. ಉಳಿದ ಅವಲಕ್ಕಿಯು ಖರ್ಚಾಯಿತು. ಕತ್ತಲಾಯಿತು, ಮೀನುದೋಣಿಗಳ ದೀಪಗಳು ದೂರದಲ್ಲಿ ಕಂಡುವು. ಬಹಳ ಹೊತ್ತಿನ ಮೇಲೆ ಆ ದೋಣಿಯು ಮೆಲ್ಲಗೆ ಅಡ್ಡವಾಗಿ, ಬಳಿಕ ಪೂರ್ಣವಾಗಿ ತಿರುಗಿ, ಘಟ್ಟದ ಕಡೆಗೆ ಮುಖಮಾಡಿತು. ನೀರು ಹೊರಕ್ಕೆ ಹೊರಟಿತ್ತು. ಮಿತ್ರರು ಇನ್ನೂ ಸ್ವಲ್ಪ ಹೊತ್ತು ಅದನ್ನು ನೋಡಿದರು. ಆಮೇಲೆ ಎದ್ದು ಬಟ್ಟೆಯ ಮರಳನ್ನು ಕೊಡವಿಕೊಂಡು, “ಹೊರಡೋಣ ಮೇಷ್ಟ್ರೇ, ಊಟದ ಹೋಟೆಲು ಮುಚ್ಚೀತು,” ಎಂದರು.