ಬೇಲಿಯಾಚೆಯ ಹೆಪ್ಪು

ರಜೆಗೆ ಬಂದ ಮಗ ಒಂದು ಸಂಜೆ ನನ್ನನ್ನು ಬಲವಂತದಿಂದ ಕೂರಿಸಿ ‘ಗಾಡ್‌ಫಾದರ್’ ತೋರಿಸಿದ. ಮಾರಿಯೋ ಪೂಜೊ 1969ರಲ್ಲಿ ಬರೆದ ಕಾದಂಬರಿ, 1972ರಲ್ಲಿ ಕೊಪ್ಪೊಲ ಸಿನಿಮಾ ಮಾಡಿದ್ದು. ನ್ಯೂಯಾರ್ಕಿನ ಐದು ಮಾಫಿಯಾ ಮನೆತನಗಳ ಕಥೆ. ಹೊಡೆದಾಟ ನನಗೆ ಬೇಡಪ್ಪ ಎಂದು ಅವರೆಕಾಯಿ ಸುಲಿಯುತ್ತ ಕೂತವಳು ಕಾಳು ಮರೆತೇಬಿಟ್ಟೆ.

ಕೊರ್ಲಿಯೋನೆ ಮನೆಗೆ ವೈರಿಗಳು ಟಟಾಗ್ಲಿಯಾದವರೆಂದೇ ಎಲ್ಲರ ಎಣಿಕೆ. ಹಿಂದೆ ನಿಂತು ಆಡಿಸುವವನು ಬಾರ್ಜಿನಿ ಎಂದು ಮನೆಯ ಯಜಮಾನನಿಗೆ ಹೊಳೆಯುವುದು ರಾಜಿಗೆ ಕೂತಾಗ. ನನ್ನ ಕಣ್ಣು ನಿಂತದ್ದು ಮಾತ್ರ ಮಗಳು ಕಾನಿಯ ಮೇಲೆ. ಗಂಡ ಕಾರ್ಲೊ ವೈರಿಗಳೊಡನೆ ಒಳಗೊಳಗೇ ಕೂಡಿಕೊಂಡು ಅವಳನ್ನು ಬಡಿಯುತ್ತಾನೆ. ತಂಗಿಯ ಅಳು ಕೇಳಿ ಹೊರಟ ಅಣ್ಣ ಸನ್ನಿ ದಾರಿಯಲ್ಲೇ ಗುಂಡಿಗೆ ಬಲಿ. ಅವಳು ತಿಂದ ಪೆಟ್ಟೇ ಗಾಳದ ಎರೆಹುಳು!

ನಮ್ಮ ಸಂಪಿಗೆಯಲ್ಲಿ ಬಂದೂಕಿರಲಿಲ್ಲ. ಬದುವಿನ ಮೇಲಿನ ನಾಲ್ಕು ತೆಂಗಿನಮರ ಯಾರವೆಂದು ನಮಗೂ ಕೆಳಗಿನ ಮನೆಯವರಿಗೂ ವ್ಯಾಜ್ಯವಿತ್ತು. ಚಿಕ್ಕಮ್ಮ ಆ ಮನೆಯ ಮಗಳು. ಅಟ್ಟದ ಮೇಲಿನ ಕಾಯಿ ಹನ್ನೊಂದು ತಿಂಗಳಿಗೆ ಕೊಬ್ಬರಿಯಾಗುತ್ತದೆ, ಕೋರ್ಟಿನ ಕೇಸು ಆರು ವರ್ಷವಾದರೂ ಹಸಿಯಾಗಿಯೇ ಇತ್ತು. ಗಂಡಸರಿಗೆ ಮುಖ ಕಂಡರಾಗದು. ಹೆಂಗಸರಿಗೆ ಹಾಗೆ ನಡೆಯುತ್ತದೆಯೆ? ಅವರ ಹೆಪ್ಪು ಕೆಟ್ಟರೆ ನಮ್ಮದು, ನಮ್ಮದು ಕೆಟ್ಟರೆ ಅವರದು. ಚಿಕ್ಕಮ್ಮನಿಂದ ಅವರ ಅತ್ತಿಗೆಗೆ ಬೇಲಿ ಸಂದಿಯಲ್ಲಿ ಬಟ್ಟಲು ದಾಟಿಸುತ್ತಿದ್ದವಳು ನಾನು. ಆಗ ಒಂಬತ್ತು ವರ್ಷ.

ನಮ್ಮ ವಕೀಲರ ಮಾತೆಲ್ಲ ಆಚೆಗೆ ತಿಳಿಯುತ್ತಿದೆ ಎಂದು ಮನೆಯಲ್ಲಿ ಗುಸುಗುಸು ಎದ್ದಿತು. ‘ಆ ಮನೆ ಕಡೆ ಯಾರು ಹೋಗ್ತಾರೆ?’ ಅಪ್ಪ ಕೇಳಿದರು. ನಾನು ಹೇಳಿಬಿಟ್ಟೆ. ಆ ರಾತ್ರಿ ಚಿಕ್ಕಪ್ಪನ ಕೋಣೆಯ ಬಾಗಿಲು ಹಾಕಿತ್ತು. ಅಜ್ಜಿ ನನ್ನ ಕಿವಿ ಮುಚ್ಚಿ ಹಿಡಿದಿದ್ದರು, ಆದರೂ ಕೇಳಿಸಿತು.

ಸುದ್ದಿ ಮುಟ್ಟಿಸುತ್ತಿದ್ದವರು ನಮ್ಮ ಜಗಲಿಯಲ್ಲೇ ಎಲೆಯಡಿಕೆ ಹಾಕುತ್ತ ರಾಜಿಯ ಮಾತಾಡುತ್ತಿದ್ದ ನಮ್ಮ ನೆಂಟರೇ ಎಂದು ತಿಳಿದದ್ದು ವರ್ಷದ ಮೇಲೆ. ಚಿತ್ರದಲ್ಲೂ ಅಷ್ಟೆ. ವೈರಿಯೊಡನೆ ಮಾತಿಗೆ ಕರೆಯಲು ಬರುವ ಹಳೆಯ ಬಂಟ ಟೆಸ್ಸಿಯೋನೇ ದ್ರೋಹಿ. ಚಿಕ್ಕಮ್ಮನ ಹತ್ತಿರ ತಪ್ಪಾಯಿತೆಂದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಮೂವತ್ತು ವರ್ಷ ತರಗತಿಯಲ್ಲಿ ಮಕ್ಕಳಿಗೆ ಚಾಡಿ ಹೇಳಬೇಡಿ ಎಂದ ನಾನೂ ಹೇಳಿರಲಿಲ್ಲ.

ಮರುವಾರವೇ ಊರಿಗೆ ಹೋದೆ. ಚಿಕ್ಕಮ್ಮ ಮಜ್ಜಿಗೆ ಕಡೆಯುತ್ತಿದ್ದರು. ತಡವರಿಸುತ್ತ ಹೇಳಿದೆ.

‘ಗೊತ್ತಿತ್ತು ಕಣವ್ವ. ನೀನು ಮಗು, ಏನು ತಿಳಿದೀತು?’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಆದ್ರೂ ಆಮೇಲೆ ನಿನ್ನ ಕೈಲಿ ಏನೂ ಕಳಿಸಲಿಲ್ಲ ನೋಡು’ ಎಂದರು.