ಆಡಿದಷ್ಟೇ ಹೇಳುವವರು ಬೇಕು

ಶಲವಡಿಯಂಥ ಊರಿನಲ್ಲಿ ಮಾಸ್ತರಿಕೆ ಮಾಡಿದವರಿಗೆ ಪಾಠದ ಜೊತೆ ಇನ್ನೊಂದು ಕೆಲಸ ತಾನಾಗಿಯೇ ಅಂಟಿಕೊಳ್ಳುತ್ತಿತ್ತು. ಬ್ಯಾಂಕಿನ ನೋಟಿಸು ಓದಿ ಹೇಳುವುದು, ವಕೀಲರ ಕಾಗದ ಬಿಡಿಸಿ ತಿಳಿಸುವುದು, ಹುಬ್ಬಳ್ಳಿಯ ದವಾಖಾನೆಗೆ ಜೊತೆಯಾಗಿ ಹೋಗುವುದು. ‘ಮಾಸ್ತರ, ಡಾಕ್ಟರ್ ಮುಂದ ನೀವಽ ಹೇಳ್ರಿ’ ಎಂದು ಬಂದವರಿಗೆ ಇಲ್ಲವೆನ್ನಲಾಗುತ್ತಿರಲಿಲ್ಲ. ಆ ಕೆಲಸಕ್ಕೆ ಸಂಬಳವಿರಲಿಲ್ಲ, ತರಬೇತಿಯೂ ಇರಲಿಲ್ಲ. ಅದಕ್ಕೊಂದು ನೀತಿ ಇದೆಯೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ನಮ್ಮ ಸೀಮೆಗೆ ದೊಡ್ಡ ದವಾಖಾನೆಯೆಂದರೆ 1957ರಲ್ಲಿ ಶುರುವಾದ ಹುಬ್ಬಳ್ಳಿಯ ಕೆಎಂಸಿ. ಅದು ಕಿಮ್ಸ್ ಆದ ಮೇಲೂ ಹಿರಿಯರ ಬಾಯಲ್ಲಿ ಕೆಎಂಸಿಯೇ. ಆಗ ನಾನು ಕಂಡ ಡಾಕ್ಟರರಲ್ಲಿ ಹೆಚ್ಚಿನವರು ಈ ಕಡೆಯ ಮಾತು ಬಲ್ಲವರು. ಮುಂದೆ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಸ್ನಾತಕೋತ್ತರ ಸೀಟುಗಳಲ್ಲಿ ಅರ್ಧದಷ್ಟು ಅಖಿಲ ಭಾರತ ಕೋಟಾಕ್ಕೆ ಸೇರಿದ್ದರಿಂದ ದೂರದ ರಾಜ್ಯಗಳ ಯುವ ವೈದ್ಯರು ಎಲ್ಲೆಡೆ ಬಂದರು. ಹಗಲಿರುಳು ದುಡಿಯುವವರು ಅವರು. ಆದರೆ ರೋಗಿಗೂ ಅವರಿಗೂ ನಡುವೆ ಯಾರಾದರೂ ನಿಲ್ಲಬೇಕಾಯಿತು. ಆಯಾ, ಪಕ್ಕದ ಮಂಚದವರ ನೆಂಟರು, ಶಾಲೆಗೆ ಹೋಗುವ ಮಕ್ಕಳು, ಹೀಗೆ ಸಿಕ್ಕವರು ನಿಂತರು.

ಒಂದು ದವಾಖಾನೆಯಲ್ಲಿ ತಾಯಿಯ ಗರ್ಭಕೋಶದ ತೊಂದರೆಯನ್ನು ಚಿಕ್ಕ ಮಗನ ಬಾಯಿಂದ ಹೇಳಿಸಿದ್ದನ್ನು ನೋಡಿದೆ. ತಾಯಿ ಅರ್ಧ ಮಾತು ನುಂಗಿದಳು, ಉಳಿದರ್ಧವನ್ನು ಹುಡುಗ ನುಂಗಿದ. ಇನ್ನೊಮ್ಮೆ ಡಾಕ್ಟರು ಕ್ಯಾನ್ಸರ್ ಎಂದು ಬಿಡಿಸಿ ಹೇಳುತ್ತಿದ್ದರೆ, ಮಗ ತಂದೆಗೆ ‘ಏನಿಲ್ಲಪ್ಪ, ಗುಳಗಿ ತಗೊಂಡ್ರ ಆರಾಮ ಆಗತೈತಂತ’ ಎಂದ. ಪ್ರೀತಿಯಿಂದಲೇ ಹಾಗೆಂದ. ಆದರೆ ತನ್ನ ದೇಹದ ಬಗ್ಗೆ ತಾನೇ ತೀರ್ಮಾನಿಸುವ ಹಕ್ಕು ಆ ತಂದೆಯ ಕೈ ತಪ್ಪಿತು. ಊರವರು ಜೊತೆಗೆ ಹೋದರೆ ಸೊಸೆಯ ಬೇನೆ ಸಂಜೆಯೊಳಗೆ ಅಗಸಿ ಕಟ್ಟೆಯ ಮೇಲಿನ ಮಾತಾಗುತ್ತಿತ್ತು. ಅದಕ್ಕೆ ಅಂಜಿ ಎಷ್ಟೋ ಹೆಣ್ಣುಮಕ್ಕಳು ಬೇನೆ ಮುಚ್ಚಿಟ್ಟುಕೊಂಡೇ ಇದ್ದರು.

ಇವನ್ನೆಲ್ಲ ನೋಡುತ್ತ, ನಡುವೆ ನಿಂತವರ ಧರ್ಮ ಏನೆಂಬುದು ನನಗೆ ಖಚಿತವಾಯಿತು. ಆಡಿದ್ದೆಲ್ಲವನ್ನೂ ಹೇಳಬೇಕು. ತನ್ನದೇನನ್ನೂ ಸೇರಿಸಬಾರದು. ಕೇಳಿದ್ದನ್ನು ಅಲ್ಲಿಯೇ ಬಿಟ್ಟು ಬರಬೇಕು.

ಕೋರ್ಟಿನಲ್ಲಿ ಈ ಧರ್ಮ ಕಾನೂನಾಗಿಯೇ ಇದೆ. 1969ರ ಪ್ರಮಾಣವಚನ ಕಾಯ್ದೆಯಂತೆ ಸಾಕ್ಷಿಯ ಹಾಗೆ ದುಭಾಷಿಯೂ ಪ್ರಮಾಣ ಮಾಡಬೇಕು. ಆರೋಪಿಗೆ ತಿಳಿಯದ ಭಾಷೆಯ ಸಾಕ್ಷ್ಯವನ್ನು ತೆರೆದ ಕೋರ್ಟಿನಲ್ಲೇ ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕೆಂದು ದಂಡ ಪ್ರಕ್ರಿಯಾ ಸಂಹಿತೆಯ 279ನೇ ಕಲಂ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಆ ರಕ್ಷಣೆ ಉಳಿದಿದೆ. ಆದರೂ ನಮ್ಮ ರೈತರು ಕನ್ನಡದಲ್ಲಿ ನುಡಿದ ಸಾಕ್ಷ್ಯ ಇಂಗ್ಲಿಷಿನಲ್ಲಿ ಟೈಪಾಗಿ, ‘ಓದಿ ಹೇಳಲಾಯಿತು, ಸರಿಯಿದೆ’ ಎಂಬ ಸಾಲಿನ ಕೆಳಗೆ ಅವರು ಹೆಬ್ಬೆಟ್ಟು ಒತ್ತುವುದನ್ನು ಕಂಡಿದ್ದೇನೆ.

1980ರ ಜುಲೈ 21ರಂದು ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರು ನಡೆದ ಸೀಮೆ ಇದು. ಇಲ್ಲಿಯವರಿಗೆ ಕೋರ್ಟು ಕಚೇರಿ ಹೊಸದಲ್ಲ. ಮೊದಲು ಹೈಕೋರ್ಟಿಗೆಂದರೆ ರಾತ್ರಿಯಿಡೀ ಪ್ರಯಾಣ ಮಾಡಿ ಬೆಂಗಳೂರು ಸೇರಬೇಕಿತ್ತು. 2008ರ ಜುಲೈಯಲ್ಲಿ ಧಾರವಾಡಕ್ಕೆ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ದಾರಿ ಹತ್ತಿರವಾಯಿತು. ಭಾಷೆ ಹತ್ತಿರವಾಗಲಿಲ್ಲ. ಸಂವಿಧಾನದ 348ನೇ ವಿಧಿಯಂತೆ ಅಲ್ಲಿನ ವ್ಯವಹಾರ ಇಂಗ್ಲಿಷಿನಲ್ಲೇ.

ಒಳ್ಳೆಯ ಬದಲಾವಣೆಗಳೂ ಆಗಿವೆ. ಕೆಳಗಿನ ಕೋರ್ಟುಗಳಲ್ಲಿ ಸಾಕ್ಷ್ಯ ಕನ್ನಡದಲ್ಲೇ ಬರೆಯುವುದನ್ನು ಈಗ ನೋಡುತ್ತೇನೆ. 2019ರಿಂದ ಎಂಬಿಬಿಎಸ್ ಸೇರಿದವರಿಗೆ ಆರಂಭದ ತರಗತಿಗಳಲ್ಲಿ ಸ್ಥಳೀಯ ಭಾಷೆಯ ಪಾಠವಿದೆ. ತಿಳಿವಳಿಕೆ ಕೊಡದೆ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲವೆಂದು ಸುಪ್ರೀಂ ಕೋರ್ಟು 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಗರ್ಭಿಣಿಯ ಪ್ರಸವಪೂರ್ವ ರೋಗಪರೀಕ್ಷೆಗೆ ಆಕೆಗೆ ತಿಳಿಯುವ ಭಾಷೆಯಲ್ಲೇ ಲಿಖಿತ ಒಪ್ಪಿಗೆ ಪಡೆಯಬೇಕೆಂದು 1994ರ ಕಾಯ್ದೆಯೇ ಹೇಳಿದೆ.

ಆದರೆ ಕನ್ನಡ ಬಂದರಷ್ಟೇ ಮುಗಿಯುವುದಿಲ್ಲ. ಕಲಘಟಗಿ ಕಡೆಯ ತಾಂಡಾದ ಲಂಬಾಣಿ ಅಜ್ಜಿಗೆ, ಗೌಳಿ ದಡ್ಡಿಯ ಹಿರಿಯನಿಗೆ ಕನ್ನಡ ಎರಡನೆಯ ಮಾತು. ಈಗಿನ ಹುಡುಗರು ಫೋನು ಮುಂದಿಟ್ಟು ಅನುವಾದ ಮಾಡಿಸುತ್ತಾರೆ. ನೋವಿನಲ್ಲಿರುವ ಅಜ್ಜಿಯ ತುಂಡು ಮಾತು ಅದರ ಹಿಡಿತಕ್ಕೆ ಸಿಗುವುದಿಲ್ಲ, ಅದು ತಪ್ಪಿದರೆ ಉತ್ತರ ಕೊಡುವವರೂ ಇಲ್ಲ.

ದೊಡ್ಡ ದವಾಖಾನೆಗಳಲ್ಲಿ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ, ತಾಲ್ಲೂಕು ಕೋರ್ಟುಗಳಲ್ಲಿ ತರಬೇತಿ ಪಡೆದ, ಸಂಬಳ ಪಡೆಯುವ ದುಭಾಷಿಗಳನ್ನು ಸರ್ಕಾರ ನೇಮಿಸಬೇಕು. ಹೆಣ್ಣುಮಕ್ಕಳಿಗೆ ಹೆಣ್ಣು ದುಭಾಷಿಯೇ ಬೇಕು. ಮಕ್ಕಳು ತಂದೆತಾಯಿಯ ಕೈ ಹಿಡಿದು ಪಕ್ಕದಲ್ಲಿರಲಿ. ಮಾತು ದಾಟಿಸುವ ಹೊರೆ ಅವರ ಮೇಲೆ ಬೇಡ. ಊರ ಜನರಿಗೂ ಒಂದು ಮಾತು: ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ. ‘ನಮಗ ತಿಳಿಯೋ ಮಾತಿನ್ಯಾಗ ಹೇಳ್ರಿ’ ಎಂದು ಕೇಳುವುದು ನಿಮ್ಮ ಹಕ್ಕು.