ಕೋಟೆ ಬಿಟ್ಟರು, ಮಾತು ಬಿಡಲಿಲ್ಲ

ಅಲಿಬಾಗಿಗೆ ಹೋಗುವ ಮುಂಬೈಯವರು ಸಾಮಾನ್ಯವಾಗಿ ಅಲ್ಲಿಗೇ ನಿಂತುಬಿಡುತ್ತಾರೆ. ಗೇಟ್‌ವೇಯಿಂದ ಮಾಂಡವಾಕ್ಕೆ ಲಾಂಚು, ಅಲ್ಲಿಂದ ಬಸ್ಸು, ಸಮುದ್ರ ಇಳಿದಿದ್ದರೆ ನಡೆದೇ ಕುಲಾಬಾ ಕೋಟೆ, ಮಧ್ಯಾಹ್ನ ಸುರಮಯಿ ಊಟ, ಸಂಜೆಗೆ ಮನೆ. ನಾವು ಮೂವರು ಈ ಸಲ ಅಲಿಬಾಗ್ ಸ್ಟ್ಯಾಂಡಿನಲ್ಲಿ ಮುರುಡ್ ಕಡೆಯ ಎಸ್‌ಟಿ ಹತ್ತಿ ಇನ್ನಷ್ಟು ದಕ್ಷಿಣಕ್ಕೆ ಹೊರಟೆವು. ಚೌಲ್ ದಾಟುವಾಗ ರಸ್ತೆಯ ಎರಡೂ ಬದಿಗೆ ತೆಂಗು, ಅಡಿಕೆ. ಫಲಕಗಳಲ್ಲಿ ಮರಾಠಿ ಇಲ್ಲದಿದ್ದರೆ ಹೊನ್ನಾವರದ ಆಚೀಚೆ ಎಲ್ಲೋ ಇದ್ದೇವೆ ಅನ್ನಬೇಕು.

ಇದೇ ಚೌಲದಲ್ಲಿ ಹದಿನೈದನೆಯ ಶತಮಾನದಲ್ಲಿ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಹಡಗಿನಿಂದ ಇಳಿದ. ಮಾರಲೆಂದು ಕುದುರೆಯೊಂದನ್ನು ತಂದಿದ್ದ. ಜುನ್ನರದ ಮೇಲೆ ಹಾದು ನಮ್ಮ ಬೀದರಿಗೆ ಹೋದ, ಬಹಮನಿಗಳ ದರಬಾರಿನ ವೈಭವವನ್ನು ಬರೆದಿಟ್ಟ. ಬೀದರದ ಕೋಟೆ ನೋಡಿದವರಿಗೆ ಆ ದಾರಿ ಶುರುವಾದದ್ದು ಇಲ್ಲಿಂದ ಎಂಬುದು ನೆನಪಿರುವುದಿಲ್ಲ. ಈಗ ಬಂದರೂ ಇಲ್ಲ, ಕುದುರೆಯೂ ಇಲ್ಲ, ತೋಟಗಳಷ್ಟೇ.

ರೇವದಂಡಾ ದಾಟಿದರೆ ಕುಂಡಲಿಕಾ ನದಿಯ ಸೇತುವೆ. ಬಸ್ಸಿನ ಬಲಗಡೆ ಕೂತಿದ್ದರೆ ಅಳಿವೆಯ ಬಾಯಲ್ಲಿ ಗುಡ್ಡವೊಂದು ಸಮುದ್ರದೊಳಕ್ಕೆ ಚಾಚಿ ಮಲಗಿದ್ದು ಕಾಣುತ್ತದೆ. ಬೆನ್ನಿನುದ್ದಕ್ಕೂ ಗೋಡೆ. ಅದೇ ಕೋರ್ಲೈ.

ಊರಿನ ಬಳಿ ಇಳಿದು ನಡೆದೆವು. ಕೇರಿಯ ತುಂಬ ಒಣಮೀನಿನ ವಾಸನೆ. ಬಿದಿರ ಕಂಬಗಳಿಗೆ ಬೊಂಬಿಲು ತೂಗುಹಾಕಿದ್ದರು. ಮನೆಗಳ ಸಾಲು ಮುಗಿದ ಮೇಲೆ ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ನೀರು, ನಡುವೆ ದೀಪಸ್ತಂಭಕ್ಕೆ ಹೋಗುವ ಇಕ್ಕಟ್ಟಾದ ದಾರಿ. ಕಾರಿನವರು ಎದುರುಬದುರಾಗಿ ಹಾರ್ನು ಬಾರಿಸುತ್ತ ನಿಂತಿದ್ದನ್ನು ನೋಡಿದರೆ, ನಡೆದದ್ದೇ ಒಳ್ಳೆಯದಾಯಿತು ಅನ್ನಿಸಿತು. ದೀಪಸ್ತಂಭದ ಹಿಂದಿನಿಂದ ಕಲ್ಲಿನ ಮೆಟ್ಟಿಲು ಏರುತ್ತದೆ. ಅರ್ಧ ಗಂಟೆಯೂ ಬೇಡ. ಆದರೆ ನೆರಳು ಮಾತ್ರ ಎಲ್ಲೂ ಸಿಗದು.

ಮೇಲೆ ಹೋದಾಗಲೇ ಈ ಕೋಟೆಯ ಲೆಕ್ಕಾಚಾರ ತಿಳಿಯುವುದು. ಅಗಲ ಅನ್ನುವುದೇ ಇಲ್ಲ, ಬರೀ ಉದ್ದ. ಗುಡ್ಡದ ಏಣು ಎಷ್ಟಿದೆಯೋ ಅಷ್ಟಕ್ಕೇ ಗೋಡೆ ಸುತ್ತಿ, ನಡುನಡುವೆ ಅಡ್ಡಗೋಡೆ ಹಾಕಿ ಅಂಕಣ ಮಾಡಿದ್ದಾರೆ. ಶತ್ರು ಒಂದು ಅಂಕಣ ಹಿಡಿದರೆ ಮುಂದಿನ ಬಾಗಿಲಲ್ಲಿ ಮತ್ತೆ ಕಾದಬೇಕು. ಒಂದೊಂದೇ ಬಾಗಿಲು ದಾಟಿ ಉತ್ತರದ ತುದಿಯತ್ತ ಇಳಿದರೆ ಎಡಕ್ಕೆ ಅರಬ್ಬೀ ಸಮುದ್ರ, ಬಲಕ್ಕೆ ಅಳಿವೆ, ಅದರಾಚೆ ರೇವದಂಡಾದ ತೋಟಗಳು. ಹುಲ್ಲಿನಲ್ಲಿ ತುಕ್ಕು ಹಿಡಿದ ತೋಪುಗಳು ಬಿದ್ದಿವೆ. ಮಾಡು ಕಳಚಿದ ಇಗರ್ಜಿಯ ಗೋಡೆ, ಪೋರ್ಚುಗೀಸ್ ಅಕ್ಷರ ಕೊರೆದ ಕಲ್ಲು, ಮಳೆನೀರಿನ ತೊಟ್ಟಿ ಇವೆ. ಚಿಕ್ಕದೊಂದು ಶಿವನ ಗುಡಿಯೂ ಇದೆ. ಇಗರ್ಜಿಗೆ ಮಾಡಿಲ್ಲ, ಗುಡಿಗೆ ಪೂಜೆಯಿದೆ; ಕೋಟೆ ಕೈಬದಲಾದ ಚರಿತ್ರೆಗೆ ಬೇರೆ ಫಲಕ ಬೇಡ.

ಆ ಚರಿತ್ರೆಯಲ್ಲಿ ನಮ್ಮ ಕಡೆಯ ಎಳೆಯೂ ಸೇರಿದೆ. ಪೋರ್ಚುಗೀಸರು ಅಹಮದನಗರದ ನಿಜಾಮಶಾಹನ ಒಪ್ಪಿಗೆ ಪಡೆದು 1521ರಲ್ಲಿ ಚೌಲದಲ್ಲಿ ಕೋಟೆ ಕಟ್ಟತೊಡಗಿದರು. 1565ರ ರಕ್ಕಸಗಿ-ತಂಗಡಗಿ ಕಾಳಗದಲ್ಲಿ ವಿಜಯನಗರವನ್ನು ಮುರಿದ ಸುಲ್ತಾನರು ಆಮೇಲೆ ಕರಾವಳಿಯ ಕಡೆ ತಿರುಗಿದರು. 1570ರಲ್ಲಿ ವಿಜಾಪುರದ ಅಲಿ ಆದಿಲಶಾಹ ಗೋವೆಯನ್ನೂ ಅಹಮದನಗರದ ಮುರ್ತಜಾ ನಿಜಾಮಶಾಹ ಚೌಲವನ್ನೂ ಮುತ್ತಿದರು. ಎರಡೂ ಮುತ್ತಿಗೆ ಫಲಿಸಲಿಲ್ಲ. ಮುಂದೆ ನಿಜಾಮಶಾಹಿಯವರು ಅಳಿವೆಗೆ ಎದುರಾಗಿ ಈ ಗುಡ್ಡದ ಮೇಲೇ ಕೋಟೆ ಎಬ್ಬಿಸಿದರು. ಇಲ್ಲಿಂದ ಗುಂಡು ಹಾರಿಸಿದರೆ ಚೌಲದ ಹಡಗುಗಳಿಗೆ ಉಳಿಗಾಲವಿಲ್ಲ. 1594ರಲ್ಲಿ ಪೋರ್ಚುಗೀಸರು ನುಗ್ಗಿ ಅದನ್ನು ಕಸಿದರು. ಗಾಯಗೊಂಡ ಆನೆಯೊಂದು ಬಾಗಿಲಲ್ಲೇ ಕುಸಿದು, ಕದ ಮುಚ್ಚಲಾಗದೆ ಕೋಟೆ ಹೋಯಿತು ಎಂಬ ಕಥೆಯುಂಟು. ಇಷ್ಟು ಅಂಕಣಗಳ ಈ ಕೋಟೆ ಮರಾಠರ ಕೈಸೇರಿದ್ದು ಒಪ್ಪಂದದಿಂದ. 1739ರಲ್ಲಿ ಚಿಮಾಜಿ ಅಪ್ಪ ವಸಾಯಿಯನ್ನು ಗೆದ್ದ ಮೇಲೆ ಉತ್ತರದಲ್ಲಿ ಪೋರ್ಚುಗೀಸರ ಬೆನ್ನೆಲುಬು ಮುರಿದಿತ್ತು. ಮರುವರ್ಷ ಚೌಲದೊಂದಿಗೆ ಕೋರ್ಲೈಯನ್ನೂ ಬಿಟ್ಟುಕೊಟ್ಟರು.

ಸಿಪಾಯಿಗಳು ಹೋದರು, ಬುಡದ ಹಳ್ಳಿಯ ಕ್ರೈಸ್ತರು ಉಳಿದರು. ಅವರು ಇವತ್ತಿಗೂ ಮನೆಯಲ್ಲಿ ಆಡುವುದು ಪೋರ್ಚುಗೀಸಿನಿಂದ ಹುಟ್ಟಿದ ಒಂದು ಬೆರಕೆ ನುಡಿ. ಆಡುವವರು ಹೆಚ್ಚೆಂದರೆ ಸಾವಿರ ಜನ. ಅಮೆರಿಕದ ಭಾಷಾವಿಜ್ಞಾನಿ ಕ್ಲಾನ್ಸಿ ಕ್ಲೆಮೆಂಟ್ಸ್ 1996ರಲ್ಲಿ ಇದರ ಮೇಲೆ ಒಂದು ಪುಸ್ತಕವನ್ನೇ ಬರೆದರು. ಪದಗಳು ಪೋರ್ಚುಗೀಸಿನವು, ಆದರೆ ಮರಾಠಿಯ ಸಹವಾಸದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಸರಿದಿದೆ.

ಇಳಿದು ಬಂದಾಗ ಊರಿನ ಇಗರ್ಜಿಯ ಹತ್ತಿರದ ಅಂಗಡಿಯಲ್ಲಿ ಕೋಕಂ ಸರಬತ್ತು ಕುಡಿದೆವು. ಅಂಗಡಿಯ ಮೌಶಿ ನಮ್ಮೊಡನೆ ಮರಾಠಿಯಲ್ಲಿ ಮಾತಾಡುತ್ತ, ನಡುವೆ ಮೊಮ್ಮಗನನ್ನು ಬೇರೊಂದು ಮಾತಿನಲ್ಲಿ ಗದರಿದರು. ನಮಗೆ ಒಂದು ಪದವೂ ತಿಳಿಯಲಿಲ್ಲ, ಗದರಿಕೆಯ ರಾಗ ಮಾತ್ರ ಪಕ್ಕಾ ಕೊಂಕಣ ಕರಾವಳಿಯದು. “ಶಾಲೆಯಲ್ಲಿ ಮರಾಠಿ, ಕೆಲಸಕ್ಕೆ ಇಂಗ್ಲಿಷು. ಇದು ಮನೆಯೊಳಗೆ,” ಎಂದರು. ಮುಂಬೈಯಲ್ಲಿ ಕನ್ನಡ ಉಳಿಸುವ ಬಗ್ಗೆ ಸಭೆ ಮಾಡುವ ನಾವು ಮೂವರೂ ಸರಬತ್ತಿನ ಲೋಟ ಹಿಡಿದು ಸುಮ್ಮನಿದ್ದೆವು. ಸಭೆ, ಸಂಘ, ಅನುದಾನ ಯಾವುದೂ ಇಲ್ಲದ ಹಳ್ಳಿಯಲ್ಲಿ ಒಂದು ನುಡಿ ಸುಮಾರು 400 ವರ್ಷ ಬಾಳಿದೆ. ನನ್ನ ಮಟ್ಟಿಗೆ ಕೋರ್ಲೈಯಲ್ಲಿ ನೋಡಬೇಕಾದ್ದರಲ್ಲಿ ಕೋಟೆಗೆ ಎರಡನೆಯ ಸ್ಥಾನ.

ಹೋಗುವವರಿಗೆ ಎರಡು ಮಾತು. ಮಳೆಗಾಲದಲ್ಲಿ ಗೇಟ್‌ವೇಯ ಲಾಂಚು ನಿಲ್ಲುತ್ತದೆ, ಮೆಟ್ಟಿಲೂ ಜಾರುತ್ತದೆ. ನವೆಂಬರಿನಿಂದ ಫೆಬ್ರವರಿ ವಾಸಿ. ನೀರು ಕೆಳಗಿನಿಂದಲೇ ಒಯ್ಯಿರಿ. ಇಗರ್ಜಿಯ ಗೋಡೆಯ ಮೇಲೆ ನಿಮ್ಮ ಹೆಸರು ಬೇಡ, ಈಗಾಗಲೇ ಬೇಕಾದಷ್ಟಿವೆ. ಮಾಂಡವಾದಿಂದ ಕೊನೆಯ ಲಾಂಚು ಎಷ್ಟು ಹೊತ್ತಿಗೆಂದು ಬೆಳಿಗ್ಗೆ ಇಳಿಯುವಾಗಲೇ ಕೇಳಿಟ್ಟುಕೊಳ್ಳಿ. ಮುರುಡದಿಂದ ಬರುವ ಬಸ್ಸು ಯಾರ ಆತುರಕ್ಕೂ ಓಡುವುದಿಲ್ಲ.